ಊಟದ ಹೊರೆ

ನನ್ನ ಅಮ್ಮ ಶೆಮ್ಸಾ ಮಧ್ಯಾಹ್ನ ಊಟವಾದ ಮೇಲೆ ಸೋಫಾದ ಮೇಲೆ ಅಡ್ಡಾದರೆ, ನಿದ್ದೆ ಹತ್ತುತ್ತಿದ್ದ ಹಾಗೆ ಅವಳ ಬಲಗೈ ಬಿಗಿಯುತ್ತದೆ. ಏನೋ ಒಂದನ್ನು ಮುಂದಕ್ಕೆ ಒತ್ತಿ ಹಿಡಿದವರ ಹಾಗೆ ಮಣಿಕಟ್ಟು ಸೆಟೆದುಕೊಳ್ಳುತ್ತದೆ, ಉಗುರುಗಳು ಅಂಗೈಗೆ ಊರುತ್ತವೆ. ಎದ್ದಾಗ ಅಂಗೈಯಲ್ಲಿ ನಾಲ್ಕು ಕೆಂಪು ಗುರುತು. ಎಲ್ಲರ ಅಮ್ಮಂದಿರೂ ಹೀಗೇ ಮಲಗುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ.

ಅಮ್ಮನ ಪುಕ್ಕಲುತನ ನಮ್ಮ ಬೀದಿಗೆಲ್ಲ ತಮಾಷೆಯ ಸಂಗತಿ. ಅವಳು ಲಿಫ್ಟ್ ಹತ್ತುವುದಿಲ್ಲ. ಬಾಲ್ಕನಿಯ ಕೆಳಗೆ ನಡೆಯುವುದಿಲ್ಲ, ರಸ್ತೆ ದಾಟಿ ಸುತ್ತಿ ಬರುತ್ತಾಳೆ. ಸಮುದ್ರದ ಊರಿಗೆ ಹೋಗಿದ್ದ ಚಿಕ್ಕಮ್ಮ ಫ್ರಿಜ್ಜಿಗೆ ಅಂಟಿಸುವ ಒಂದು ಪುಟ್ಟ ದೋಣಿಯ ಗೊಂಬೆ ತಂದುಕೊಟ್ಟಾಗ, ಅದರ ಬೆನ್ನಿನ ಅಯಸ್ಕಾಂತವನ್ನು ಅಮ್ಮ ಚಾಕುವಿನಿಂದ ಎಬ್ಬಿಸಿ ತೆಗೆದು, ದೋಣಿಯನ್ನು ಮಾತ್ರ ಕಪಾಟಿನಲ್ಲಿಟ್ಟಳು. ಚಿಕ್ಕಮ್ಮ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ನಗಲಿ ಬಿಡಿ. ಹನ್ನೆರಡು ಮೀಟರು ಎತ್ತರದಲ್ಲಿ ತೂಗುವ ಗಾಜಿನ ಗೂಡಿನಲ್ಲಿ ಒಂದು ದಿನ ಕೂತಿದ್ದರೆ ಚಿಕ್ಕಮ್ಮನ ನಗು ಎಷ್ಟು ಹೊತ್ತು ಉಳಿಯುತ್ತಿತ್ತೋ ನಾನೂ ನೋಡುತ್ತಿದ್ದೆ.

ಈ ಪುಕ್ಕಲು ಹೆಂಗಸು ರೂದಿನಾದ ಉಕ್ಕಿನ ಕಾರ್ಖಾನೆಯ ಗುಜರಿ ಅಂಗಳದಲ್ಲಿ ಇಪ್ಪತ್ತೊಂದು ವರ್ಷ ಕ್ರೇನ್ ನಡೆಸಿದಳು. ಬೊಸ್ನಿಯಾದ ನಮ್ಮ ಕಣಿವೆಯಲ್ಲಿ ಆಗ ಕ್ರೇನಿಗೆ ಹೆಂಗಸರನ್ನೇ ಹುಡುಕಿ ಕೂರಿಸುತ್ತಿದ್ದರು, ಹೆಂಗಸರ ಕೈ ಹಗುರ ಎಂದು. ಅಮ್ಮ ಹತ್ತೊಂಬತ್ತು ವರ್ಷಕ್ಕೆ ಕ್ರೇನಿನ ಆ ಗೂಡಿನ ಏಣಿ ಹತ್ತಿದಳು. ಕ್ರೇನಿನ ಸರಪಳಿಯಲ್ಲಿ ಕೊಕ್ಕೆ ಇರಲಿಲ್ಲ. ಅದರ ಬದಲು ಬಂಡಿಯ ಗಾಲಿಯಷ್ಟು ಅಗಲದ, ನಾಲ್ಕು ಎತ್ತಿನಷ್ಟು ಭಾರದ ಒಂದು ಕಪ್ಪು ಬಿಲ್ಲೆ ತೂಗುತ್ತಿತ್ತು. ಅದೇ ಅಯಸ್ಕಾಂತ.

ಅದರ ಗುಟ್ಟನ್ನು ಅವಳಿಗೆ ಕಲಿಸಿದವನು ಆನ್ತೊ. ಅಂಗಳದಲ್ಲಿ ನಿಂತು ಕೈಸನ್ನೆ ಮಾಡಿ ಕ್ರೇನಿಗೆ ದಾರಿ ತೋರಿಸುವ ಮೇಸ್ತ್ರಿ, ಅಮ್ಮನಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಮೊದಲ ದಿನ ಅವನು ಒಂದು ಉದ್ದ ಮೊಳೆಗೆ ತಾಮ್ರದ ತಂತಿ ಸುತ್ತಿ, ತುದಿಗಳನ್ನು ಟಾರ್ಚಿನ ಬ್ಯಾಟರಿಗೆ ಮುಟ್ಟಿಸಿದನಂತೆ. ಮೊಳೆ ಮೇಜಿನ ಮೇಲಿನ ಗುಂಡುಸೂಜಿಗಳನ್ನೆಲ್ಲ ಎಳೆದುಕೊಂಡಿತು. ತಂತಿ ಬಿಟ್ಟ, ಸೂಜಿಗಳು ಉದುರಿದವು.

"ನೋಡಿದ್ಯೇನೇ? ಇದು ಬರೀ ಮೊಳೆ," ಎಂದ ಆನ್ತೊ. "ತಂತಿಯೊಳಗೆ ಕರೆಂಟು ಓಡ್ತಾ ಇರೋ ತನಕ ಇದಕ್ಕೆ ದೆವ್ವ ಮೆಟ್ಕೊಂಡಿರುತ್ತೆ. ಓಟ ನಿಂತ್ರೆ ದೆವ್ವ ಬಿಡ್ತು. ಮೇಲೆ ತೂಗ್ತಿರೋದೂ ಇದೇ, ಸ್ವಲ್ಪ ದಪ್ಪ. ದೆವ್ವ ಬಿಟ್ಟಾಗ ಕೆಳಗೆ ಯಾರೂ ಇರಬಾರದು. ಅಷ್ಟೇ ನಿನ್ನ ಕೆಲಸ."

"ತಾನಾಗೇ ಕರೆಂಟು ಹೋದ್ರೆ, ಆನ್ತೊ ಮಾವ?"

"ಬ್ಯಾಟರಿ ಇದೆ. ಮ್ಯಾಗ್ನೆಟ್ಟನ್ನ ಮಾತ್ರ ಹತ್ತು ನಿಮಿಷ ಹಿಡಿದಿಡುತ್ತೆ."

"ಹತ್ತು ನಿಮಿಷ ಆದ್ಮೇಲೆ?"

"ಹತ್ತು ನಿಮಿಷ ಅಂದ್ರೆ ಕಡಿಮೆ ಆಯ್ತೇನೇ? ನನ್ನ ಹೆಂಡ್ತಿ ಹತ್ತು ನಿಮಿಷದಲ್ಲಿ ನಮ್ಮ ಏಳು ತಲೆಮಾರನ್ನ ಜಾಲಾಡಿ ಒಣಗಿಹಾಕ್ತಾಳೆ."

ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಆದರೆ ಆ ದಿನದಿಂದ ಭಯ ಅವಳನ್ನು ಬಿಡಲಿಲ್ಲ. ಪ್ರತಿ ಹೊರೆ ಎತ್ತುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು, ಇಳಿಸಿದ ಮೇಲೆ ಬಿಡುತ್ತಿದ್ದಳು. ದಿನಕ್ಕೆ ಇನ್ನೂರು ಸಲ.

ನನ್ನ ಅಪ್ಪ ಮುನೀಬ್ ಅದೇ ಅಂಗಳದಲ್ಲಿ ವೆಲ್ಡರ್. ಹುಡುಗನಾಗಿದ್ದಾಗ ಬಾಯ್ಲರ್ ಒಳಗೆ ಕೂತು ರಿವೆಟ್ ಬಡಿದು ಬಡಿದು ಎರಡು ಕಿವಿಯನ್ನೂ ಕಳೆದುಕೊಂಡಿದ್ದ. ಮುಖ ನೋಡಿ ಮಾತಾಡಿದರೆ ಅರ್ಧ ತಿಳಿಯುತ್ತಿತ್ತು, ಬೆನ್ನ ಹಿಂದೆ ಫಿರಂಗಿ ಹಾರಿಸಿದರೂ ಗೊತ್ತಾಗುತ್ತಿರಲಿಲ್ಲ. ಅಂಥವನನ್ನು ಅಮ್ಮ ಮಾತಾಡಿಸಿದ್ದೇ ಅಯಸ್ಕಾಂತದಿಂದ. ಬೇಕೆಂದು ಮಾಡಿದ್ದಲ್ಲ. ಒಂದು ದಿನ ಖಾಲಿ ಬಿಲ್ಲೆಯನ್ನು ಕರೆಂಟು ಹರಿಸಿಕೊಂಡೇ ಅವನ ಪಕ್ಕದಿಂದ ತೂಗಾಡಿಸಿಕೊಂಡು ಹೋದಳು. ಅಪ್ಪನ ವೆಲ್ಡಿಂಗ್ ಸಲಾಕೆಯ ತುದಿಯ ಉರಿ ಇದ್ದಕ್ಕಿದ್ದ ಹಾಗೆ ಪಕ್ಕಕ್ಕೆ ವಾಲಿತು, ಗಾಳಿಗೆ ಒಲೆಯ ಉರಿ ವಾಲಿದ ಹಾಗೆ. ಗಾಳಿಯೇ ಇರಲಿಲ್ಲ. ಬೆಸುಗೆ ಸೊಟ್ಟಗಾಯಿತು. ಮುಖವಾಡ ಎತ್ತಿ ಮೇಲೆ ನೋಡಿ ಅಪ್ಪ ಮುಷ್ಟಿ ತೋರಿಸಿದ.

ಊಟದ ಹೊತ್ತಿಗೆ ಬಂದು ಕೇಳಿದನಂತೆ: "ನನ್ನ ಉರಿ ಮೇಲೆ ನಿನಗೇನು ಕಣ್ಣು ಹುಡುಗಿ?"

"ಬೆಂಕಿನ ಮ್ಯಾಗ್ನೆಟ್ಟು ಎಳೆಯುತ್ತಾ? ಅದೇನು ಕಬ್ಬಿಣವಾ?" ಎಂದು ಅಮ್ಮ ಬಾಯಿ ಅಗಲಿಸಿ ಕೇಳಿದಳು, ಅವನಿಗೆ ತುಟಿ ಕಾಣಲಿ ಎಂದು.

"ಅದು ಬೆಂಕಿ ಅಲ್ವೇ, ಕರೆಂಟು. ತಂತಿ ಬಿಟ್ಟು ಗಾಳಿಯೊಳಗೆ ಓಡ್ತಿರೋ ಕರೆಂಟು. ತಂತಿಯೊಳಗಿದ್ರೆ ಹಿಡಿತ ಇರುತ್ತೆ, ಗಾಳಿಯಲ್ಲಿ ಯಾರ ಹಿಡಿತ? ಮ್ಯಾಗ್ನೆಟ್ಟು ಪಕ್ಕ ಬಂದ್ರೆ ಓಡ್ತಿರೋದನ್ನ ಪಕ್ಕಕ್ಕೆ ತಳ್ಳುತ್ತೆ. ನಿಂತಿರೋದನ್ನ ಏನೂ ಮಾಡಲ್ಲ, ಓಡೋದನ್ನ ಕಂಡ್ರೆ ಅದಕ್ಕೆ ಆಗಲ್ಲ."

ಆಮೇಲೆ ಅದು ಅವರಿಬ್ಬರ ಆಟವಾಯಿತು. ಅಮ್ಮ ಕ್ರೇನನ್ನು ಹತ್ತಿರ ತಂದು ಲಿವರ್ ಎರಡು ಸಲ ಆಡಿಸುವಳು. ಅಪ್ಪನ ಉರಿ ಎರಡು ಸಲ ವಾಲಿ ನೆಟ್ಟಗಾಗುವುದು. ಎರಡು ಅಂದರೆ ಊಟಕ್ಕೆ ಬಾ. ಒಂದು ವರ್ಷದಲ್ಲಿ ಮದುವೆಯಾಯಿತು. ವೆಲ್ಡಿಂಗ್ ಸೊಟ್ಟಗಾಗುತ್ತಿದೆ ಎಂದು ಮೇಲಿನವರು ಬೈದರು, ಅಮ್ಮ ಆಟ ಬಿಟ್ಟಳು. ನಾಲ್ಕು ವರ್ಷ ಅವನ ಹತ್ತಿರಕ್ಕೂ ಬಿಲ್ಲೆಯನ್ನು ಒಯ್ಯಲಿಲ್ಲ.

ಇನ್ನು ಊಟದ ಹೊರೆಯ ವಿಷಯ ಹೇಳಬೇಕು. ಇದನ್ನು ಹೇಳದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ. ಬಿಲ್ಲೆಯೊಳಗಿನ ತಂತಿಯ ಸುರುಳಿಯಲ್ಲಿ ಕರೆಂಟು ಓಡಿದಷ್ಟೂ ಬಿಲ್ಲೆ ಕಾದು ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಮೂಗಿನ ನೀರು ಹೆಪ್ಪುಗಟ್ಟುವ ಆ ಅಂಗಳದಲ್ಲಿ ಬಿಸಿಯಾಗಿದ್ದದ್ದು ಅದೊಂದೇ. ಹಾಗಾಗಿ ಊಟಕ್ಕೆ ಮುಂಚೆ ಕ್ರೇನಿನವಳು ಕೊನೆಯ ಒಂದು ಹೊರೆ ಎತ್ತಿ, ವ್ಯಾಗನ್ನಿನ ಮೇಲೆ ಹತ್ತು ನಿಮಿಷ ಸುಮ್ಮನೆ ಹಿಡಿದಿರುತ್ತಿದ್ದಳು. ಅಷ್ಟರಲ್ಲಿ ಗಂಡಸರು ಕೈತೊಳೆದು ಡಬ್ಬಿ ತರುತ್ತಿದ್ದರು. ಹೊರೆಯನ್ನು ವ್ಯಾಗನ್ನಿಗೆ ಸುರಿದು ಬಿಲ್ಲೆಯನ್ನು ಹಲಗೆಗಳ ಮೇಲೆ ಇಳಿಸಿದರೆ, ಅದರ ಬೆನ್ನ ಮೇಲೆ ಹನ್ನೆರಡು ಡಬ್ಬಿ: ಕಾಳಿನ ಸಾರು, ಆಲೂಗಡ್ಡೆ ತುಂಬಿದ ಪೀತಾ ಕಡುಬು, ಯಾರದೋ ಮನೆಯ ಎಲೆಕೋಸಿನ ಸುರುಳಿ. ಇದೇ ಊಟದ ಹೊರೆ. ನಿಯಮದ ಪುಸ್ತಕದಲ್ಲಿ ಹೊರೆ ಹಿಡಿದು ನಿಲ್ಲಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಪುಸ್ತಕ ಬರೆದವರು ತಣ್ಣನೆ ಕಾಳು ತಿಂದವರಲ್ಲ ಎಂದು ಆನ್ತೊ ಹೇಳುತ್ತಿದ್ದ.

ಎಪ್ಪತ್ತೊಂಬತ್ತನೆಯ ಇಸವಿಯ ಜನವರಿ. ಮುಂದಿನದನ್ನು ಅಮ್ಮ ನನಗೆ ಇಡೀ ಜೀವನದಲ್ಲಿ ಒಂದೇ ಸಲ ಹೇಳಿದ್ದಾಳೆ. ಅಪ್ಪ ತನ್ನ ಪಾಲಿನದನ್ನು ನೂರು ಸಲ ಹೇಳಿದ್ದಾನೆ. ಆನ್ತೊ ಹೇಳಿದ್ದೂ ಸೇರಿಸಿಕೊಂಡು ಬರೆಯುತ್ತಿದ್ದೇನೆ.

ಆ ದಿನ ಆನ್ತೊ ಕೈಯೆತ್ತಿ 'ಇದು ಕೊನೆಯದು' ಎಂದು ಸನ್ನೆ ಮಾಡಿ, ಎಲ್ಲರ ಜೊತೆ ಕೈತೊಳೆಯುವ ಕೋಣೆಗೆ ಹೋದ. ಅದು ಅಂಗಳದ ಆ ತುದಿಗೆ. ಅಮ್ಮ ರಾಶಿಯಿಂದ ದೊಡ್ಡ ಹೊರೆಯನ್ನೇ ಎತ್ತಿದಳು: ಗಾಲಿಯ ನಡುವಿನ ದಪ್ಪ ಗುಂಭಗಳು, ಕಾರಿನ ಮುಚ್ಚಳ, ಕಿಟಕಿಯ ಸರಳುಗಳು, ಒಂದು ಮುರಿದ ಎಂಜಿನ್ನು. ಹಳಿಯ ಮೇಲಿನ ವ್ಯಾಗನ್ನಿನ ಮೇಲೆ ತಂದು, ಬೇಗ ಸುರಿಯಲು ಅನುಕೂಲವಾಗಲೆಂದು ತಗ್ಗಿಸಿ ನಿಲ್ಲಿಸಿದಳು. ವ್ಯಾಗನ್ನಿನೊಳಗೆ ಮನುಷ್ಯರಿದ್ದರೆ ಅದರ ಪಕ್ಕಕ್ಕೆ ಕೆಂಪು ಬಟ್ಟೆ ಕಟ್ಟುವುದು ಅಂಗಳದ ಪದ್ಧತಿ. ಬಟ್ಟೆ ಇರಲಿಲ್ಲ. ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡಳು.

ಎರಡು ಗುಟುಕು ಕುಡಿದಿರಬೇಕು. ಗೂಡಿನ ದೀಪ ಆರಿತು. ಅಂಗಳದ ಗದ್ದಲವೆಲ್ಲ ಒಮ್ಮೆಗೇ ನಿಂತುಹೋಯಿತು. ಲಿವರ್ ಪಕ್ಕದ ಹಳದಿ ದೀಪ ಹೊತ್ತಿಕೊಂಡಿತು, ಬ್ಯಾಟರಿ ಅಯಸ್ಕಾಂತವನ್ನು ಹಿಡಿದುಕೊಂಡಿದೆ ಎಂಬ ಗುರುತು. ಕ್ರೇನ್ ಮಾತ್ರ ಸತ್ತಿತ್ತು. ಹೊರೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಪಕ್ಕಕ್ಕೂ ಇಲ್ಲ.

ಹೋಗಲಿ, ಕೆಳಗೆ ಖಾಲಿ ವ್ಯಾಗನ್ ತಾನೇ ಎಂದುಕೊಂಡಳು ಅಮ್ಮ. ಆಗ ಆ ಮೌನದಲ್ಲಿ ವೆಲ್ಡಿಂಗಿಗೆ ಬಳಸುವ ಡೀಸೆಲ್ ಜನರೇಟರಿನ ಗುಡುಗುಡು ಕೇಳಿಸಿತು. ಹೊರೆಯ ಅಡಿಯಲ್ಲಿ ಕಬ್ಬಿಣದ ಮೇಲೆಲ್ಲ ನೀಲಿ ಬೆಳಕು ಕುಣಿಯುತ್ತಿತ್ತು. ವ್ಯಾಗನ್ನಿನೊಳಗಿಂದ ಬರುತ್ತಿದ್ದ ಬೆಳಕು.

ಗಾಜಿಗೆ ಹಣೆ ಒತ್ತಿ ಬಗ್ಗಿ ನೋಡಿದಳು. ವ್ಯಾಗನ್ನಿನ ನೆಲದಲ್ಲಿ ಮಂಡಿಯೂರಿದ ಒಬ್ಬ ಮನುಷ್ಯ, ಬೆನ್ನು, ಹಿಂದಕ್ಕೆ ಚಾಚಿದ ಬೂಟುಗಳು. ಕುತ್ತಿಗೆಗೆ ಸುತ್ತಿಕೊಂಡ ಕೆಂಪು ಬಟ್ಟೆ. ವ್ಯಾಗನ್ನಿಗೆ ಕಟ್ಟಬೇಕಾದ ಬಟ್ಟೆಯನ್ನು ಚಳಿಯೆಂದು ಕುತ್ತಿಗೆಗೆ ಕಟ್ಟಿಕೊಂಡ ಆ ಪುಣ್ಯಾತ್ಮ ನನ್ನ ಅಪ್ಪ. ನೆಲದಲ್ಲಿ ಗೇಣುದ್ದದ ಬಿರುಕು, ಊಟಕ್ಕೆ ಮುಂಚೆ ಮುಗಿಸಿಬಿಡೋಣ ಎಂದು ಇಳಿದಿದ್ದನಂತೆ.

"ಮುನೀಬ್!" ಎಂದು ಅಮ್ಮ ಕಿಟಕಿ ತೆಗೆದು ಕೂಗಿದಳು. ಕಿವುಡನನ್ನು ಕೂಗಿ ಏನು ಫಲ? ಆದರೂ ಕೂಗಿದಳು, ಗಂಟಲು ಹರಿಯುವ ತನಕ. ಗಂಟೆಯ ಗುಂಡಿ ಒತ್ತಿದಳು, ಅದೂ ಕರೆಂಟಿನದ್ದೇ. ಕೈತೊಳೆಯುವ ಕೋಣೆಯ ಕಡೆ ಯಾರೂ ಕಾಣಲಿಲ್ಲ. ಕರೆಂಟು ಹೋದರೆ ಅಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂತು ಸಿಗರೇಟು ಹಚ್ಚುತ್ತಾರೆ, ಸರ್ಕಾರದ ವಿರಾಮ ಎನ್ನುತ್ತಾರೆ.

ಇಳಿದು ಹೋಗಬಹುದಿತ್ತು. ಆದರೆ ಏಣಿ ಅಂಗಳದ ತುದಿಯಲ್ಲಿ. ಅಲ್ಲಿಗೆ ತಲುಪಲು ಕ್ರೇನ್ ಓಡುವ ಮೇಲಿನ ಹಳಿಯ ಪಕ್ಕದ ಮೊಳ ಅಗಲದ ಹಲಗೆಯ ಮೇಲೆ, ಹಿಮಗಟ್ಟಿದ ಎಂಬತ್ತು ಮೀಟರು ನಡೆಯಬೇಕು. ಹತ್ತು ನಿಮಿಷವಂತೂ ಬೇಕು. ಬ್ಯಾಟರಿಗೆ ಹತ್ತು ನಿಮಿಷದ ಆಯಸ್ಸು ಇದ್ದದ್ದು ಅದು ಹೊಸದಾಗಿದ್ದಾಗ. ಮೀಟರಿನ ಮುಳ್ಳು ಆಗಲೇ ಕೆಳಗಿಳಿಯುತ್ತಿತ್ತು. ಅದು ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು ಎಂದಳು ಅಮ್ಮ. ಗಡಿಯಾರದ ದೊಡ್ಡ ಮುಳ್ಳು ಕೂಡ ಅಷ್ಟು ಬೇಗ ಓಡುವುದಿಲ್ಲ.

ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದಳು. ಮೊದಲು ಥರ್ಮಾಸು. ಉಕ್ಕಿನ ಹೊದಿಕೆಯದು. ಅದು ಹೊರೆಯ ಪಕ್ಕಕ್ಕೆ ಹೋಗಿ ಟಣ್ ಎಂದು ಬಡಿದು ಅಲ್ಲೇ ಅಂಟಿಕೊಂಡಿತು, ಕೆಳಗೆ ಬೀಳಲೇ ಇಲ್ಲ. ಎಡಗಾಲಿನ ಬೂಟು ಹಿಮದಲ್ಲಿ ಬಿತ್ತು. ಬಲಗಾಲಿನದು ವ್ಯಾಗನ್ನಿನ ಹೊರಗೋಡೆಗೆ ತಗುಲಿತು. ಅಪ್ಪ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಹೊರೆಯಿಂದ ಒಂದು ಬಾಗಿಲ ತಿರುಗಣಿ ಕಳಚಿ ಬಿತ್ತು. ಬಲ ಕುಗ್ಗಿದಾಗ ಅಯಸ್ಕಾಂತ ಅಡಿಯಲ್ಲಿರುವುದನ್ನು ಮೊದಲು ಕೈಬಿಡುತ್ತದೆ, ಮೈಗೆ ಅಂಟಿದ್ದನ್ನು ಕೊನೆಗೆ. ತಿರುಗಣಿ ಅಪ್ಪನಿಂದ ಎರಡು ಮಾರು ದೂರದಲ್ಲಿ ಬಿತ್ತು. ಮಂಡಿಗೆ ನೆಲದ ಅದುರು ತಾಗಿತಂತೆ. ವ್ಯಾಗನ್ನಿನ ಅಡಿಯಲ್ಲಿ ಹಿಮ ಒಡೆದಿರಬೇಕು ಎಂದುಕೊಂಡನಂತೆ.

ಆಗ ಅವನು ವೆಲ್ಡಿಂಗ್ ನಿಲ್ಲಿಸಿದ. ಮುಖವಾಡ ಎತ್ತಿದ. ಎದ್ದ. ಅಮ್ಮನ ಬಾಯಲ್ಲಿ ದೇವರ ಹೆಸರು ಬಂತು. ಅವನ ಉರಿ ವಾಲುತ್ತಿದೆ, ಇಷ್ಟು ದೊಡ್ಡ ಅಯಸ್ಕಾಂತ ನೆತ್ತಿಯ ಮೇಲಿದ್ದರೆ ವಾಲದೆ ಇರುತ್ತದೆಯೇ, ಅವನಿಗೆ ಗೊತ್ತಾಯಿತು, ಇನ್ನು ಮೇಲೆ ನೋಡುತ್ತಾನೆ ಎಂದು ಕಾದಳು.

ಅಪ್ಪ ಮೇಲೆ ನೋಡಲಿಲ್ಲ. ಹಣೆಯ ಮೇಲಕ್ಕೆ ಎತ್ತಿಕೊಂಡ ಮುಖವಾಡ ಸೂರಿನ ಹಾಗೆ ಚಾಚಿಕೊಂಡಿತ್ತು, ಅದರಾಚೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಉರಿ ವಾಲಿದ್ದಕ್ಕೆ ವೆಲ್ಡರ್ ಮಾಡುವುದನ್ನೇ ಅವನು ಮಾಡಿದ. ಕರೆಂಟು ಮರಳಿ ಹೋಗಲೆಂದು ವ್ಯಾಗನ್ನಿಗೆ ಕಚ್ಚಿಸಿದ್ದ ಅರ್ಥ್ ಕ್ಲಾಂಪ್ ಕಿತ್ತು ಇನ್ನೊಂದು ಮೂಲೆಗೆ ಕಚ್ಚಿಸಿದ. ಕ್ಲಾಂಪ್ ಸರಿಯಾದ ಜಾಗದಲ್ಲಿಲ್ಲದಿದ್ದರೂ ಉರಿ ವಾಲುತ್ತದೆ, ಅದು ಅವರಿಗೆ ದಿನನಿತ್ಯದ ಗೋಳು. ಅಲ್ಲಿಂದ ಬಗ್ಗಿಕೊಂಡೇ ಬಂದು ಮತ್ತೆ ಹೊರೆಯ ನಡುಮಧ್ಯದ ಅಡಿಯಲ್ಲಿ ಮಂಡಿಯೂರಿದ. ಮುಖವಾಡ ಇಳಿಸಿದ. ನೀಲಿ ಬೆಳಕು ಮತ್ತೆ ಹೊತ್ತಿತು.

"ಅವತ್ತು ಅವನನ್ನ ಕೊಂದುಬಿಡಬೇಕು ಅನ್ನಿಸ್ತು," ಎಂದಳು ಅಮ್ಮ ನನಗೆ. "ಕೊಲ್ಲೋಕೆ ಹೊರಟಿದ್ದು ನಾನೇ ಅನ್ನೋದು ಆ ಕ್ಷಣಕ್ಕೆ ಮರೆತುಹೋಗಿತ್ತು."

ಮುಳ್ಳು ಅರ್ಧದ ಗೆರೆಯ ಹತ್ತಿರ ಬಂದಿತ್ತು. ಲಿವರಿಗೆ ಮೂರು ಮನೆ: ಪೂರ್ತಿ, ಅರ್ಧ, ಖಾಲಿ. ಅರ್ಧಕ್ಕೆ ತಂದರೆ ಅಡಿಯ ಕಬ್ಬಿಣ ಉದುರಿ ಮೇಲಿನದು ಉಳಿಯುತ್ತದೆ, ಅದು ಮುಖ್ಯ ಕರೆಂಟು ಇದ್ದಾಗ. ಸಾಯುತ್ತಿರುವ ಬ್ಯಾಟರಿಯಲ್ಲಿ ಅರ್ಧ ಎಂದರೆ ಎಷ್ಟು, ಅದು ದೇವರಿಗೇ ಗೊತ್ತು. ಆದರೆ ಲಿವರ್ ಆಡಿಸಿದರೆ ಉರಿ ಅಲ್ಲಾಡುತ್ತದೆ. ವಾಲಿ ನಿಂತ ಉರಿಯನ್ನು ಕ್ಲಾಂಪಿನ ತಪ್ಪು ಎನ್ನಬಹುದು. ವಾಲಿ, ನೆಟ್ಟಗಾಗಿ, ಮತ್ತೆ ವಾಲುವ ಉರಿಯನ್ನು ಯಾವ ಕ್ಲಾಂಪೂ ಮಾಡಲಾರದು. ಅವನಿಗೆ ಹೇಳಲು ಅವಳ ಬಳಿ ಉಳಿದಿದ್ದದ್ದು ಆ ಹಳೆಯ ಆಟವೊಂದೇ. ಆಡಬೇಕಾದರೆ ಅವನ ತಲೆಯ ಮೇಲಿನ ಹಿಡಿತವನ್ನು ಸಡಿಲಿಸಬೇಕು.

ಸುಮ್ಮನೆ ಕೂತರೂ ಬೀಳುತ್ತದೆ. ಬಿಸ್ಮಿಲ್ಲಾ ಎಂದು ಲಿವರನ್ನು ಅರ್ಧಕ್ಕೆ ಎಳೆದಳು.

ಅಷ್ಟು ದಪ್ಪ ಸುರುಳಿ ಲಿವರ್ ಎಳೆದ ಕೂಡಲೇ ಮಾತು ಕೇಳುವುದಿಲ್ಲ. ದಪ್ಪ ಮನುಷ್ಯನ ಹಾಗೆ ಕೂರಲೂ ಹೊತ್ತು, ಏಳಲೂ ಹೊತ್ತು. ಒಂದು ಉಸಿರು, ಎರಡು ಉಸಿರು ಕಾದಳು. ಕಿಟಕಿಯ ಸರಳುಗಳು ಝಲ್ಲೆಂದು ಉದುರಿ ವ್ಯಾಗನ್ನಿನ ತುದಿಯಾಚೆ ಹಿಮಕ್ಕೆ ಬಿದ್ದವು. ಮತ್ತೆ ಪೂರ್ತಿಗೆ ಒತ್ತಿದಳು. ಒಂದು.

ಎರಡನೆಯ ಸಲ ಕಾರಿನ ಮುಚ್ಚಳ ಜಾರಿ ಒಂದು ಮೂಲೆಯಿಂದ ಜೋತುಬಿತ್ತು. ಅಪ್ಪನ ಕೈ ನಿಂತಿತು. ಅವನ ಭುಜಗಳು ಕುಲುಕಿದವು. ಅವನು ನಗುತ್ತಿದ್ದ! ಎಡಗೈ ಎತ್ತಿ ಎರಡು ಬೆರಳು ತೋರಿಸಿ ಮತ್ತೆ ಬೆಸುಗೆಗೆ ಬಗ್ಗಿದ. ನಾಲ್ಕು ವರ್ಷದ ಮೇಲೆ ಹೆಂಡತಿಗೆ ಹಳೆಯ ಹುಡುಗಾಟ ನೆನಪಾಗಿದೆ, ಊಟಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡಿದ್ದ. ಕ್ರೇನ್ ಎಲ್ಲೋ ಪಕ್ಕದಲ್ಲಿದೆ ಎಂದುಕೊಂಡ. ತನ್ನ ನೆತ್ತಿಯ ಮೇಲಿದೆ ಎಂಬುದು ಅವನ ಕನಸಿನಲ್ಲೂ ಇರಲಿಲ್ಲ.

"ನನ್ನ ಮೇಲೆ ಅವಳು ಹೊರೆ ತರ್ತಾಳೆ ಅಂತ ನಾನು ಹೇಗೆ ಅಂದ್ಕೊಳ್ಲಿ?" ಎನ್ನುತ್ತಿದ್ದ ಅಪ್ಪ. "ಮ್ಯಾಗ್ನೆಟ್ಟನ್ನ ನಂಬ್ತಿರಲಿಲ್ಲ. ಅವಳನ್ನ ನಂಬ್ತಿದ್ದೆ."

ಮೂರು ಎಂಬುದು ಅವರ ಆಟದಲ್ಲಿ ಇರಲಿಲ್ಲ. ಅದು ಅಂಗಳದ ಗಂಟೆಯ ಲೆಕ್ಕ: ಮೂರು ಬಡಿದರೆ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರೆಯ ಅಡಿಯಿಂದ ಓಡು. ಅಮ್ಮನಿಗೆ ಗೊತ್ತಿತ್ತು, ಮೂರನೆಯದಕ್ಕೆ ಗಾಲಿಯ ಗುಂಭಗಳು ನಿಲ್ಲುವುದಿಲ್ಲ. ಅವು ಅವನ ನೇರಕ್ಕೇ ಇದ್ದವು. ಬರಿಗಾಲು ಕಬ್ಬಿಣದ ನೆಲಕ್ಕೆ ಹೆಪ್ಪುಗಟ್ಟಿತ್ತು. ಆ ಎರಡು ಬೆರಳನ್ನು ನೋಡಿದ ಮೇಲೆ ಲಿವರ್ ಎಳೆಯುವ ಶಕ್ತಿ ತನಗೆಲ್ಲಿಂದ ಬಂತೋ ಇವತ್ತಿಗೂ ತಿಳಿಯದು ಎಂದಳು.

ಎಳೆದಳು.

ಅಪ್ಪನ ಉರಿ ಮೂರನೆಯ ಸಲ ನೆಟ್ಟಗಾಯಿತು. ಅವನು ಮೇಲೆ ನೋಡಲಿಲ್ಲ. ನೋಡಿದ್ದರೆ ಸಾಯುತ್ತಿದ್ದ. ಸಲಾಕೆ ಬಿಸಾಡಿ, ಮುಖವಾಡದ ಸಮೇತ, ಆಚೆ ಬದಿಯ ಗೋಡೆಯ ಮೇಲಿಂದ ಹಾರಿದ. ಗುಂಭಗಳು ಕಳಚಿದವು. ಧೂಳು, ಹಿಮದ ಪುಡಿ ಎದ್ದು ವ್ಯಾಗನ್ ಮುಚ್ಚಿಹೋಯಿತು. ನೀಲಿ ಬೆಳಕು ಆರಿತ್ತು.

ಅವನು ಹಾರಿದ್ದನ್ನು ಅಮ್ಮ ನೋಡಲಿಲ್ಲ. ಅವಳ ಕಣ್ಣಿಗೆ ಕಂಡದ್ದು ಧೂಳು ಮಾತ್ರ. ಲಿವರನ್ನು ಪೂರ್ತಿಗೆ ಒತ್ತಿ ಹಿಡಿದಳು. ಎಂಜಿನ್ನು ಇನ್ನೂ ಮೇಲೇ ಇತ್ತು. ಅವನು ಒಳಗೇ ಬಿದ್ದಿದ್ದರೆ? ಜೀವ ಇದ್ದು, ತೆವಳುತ್ತಿದ್ದರೆ? ಇನ್ನೊಂದು ನಿಮಿಷ ಸಿಕ್ಕರೆ ಹೊರಬಂದಾನು. ಲಿವರನ್ನು ಹಿಡಿದುಕೊಳ್ಳುವ ಅಗತ್ಯವೇ ಇರಲಿಲ್ಲ, ಮನೆಗೆ ಕೂತರೆ ಅದು ತಾನಾಗಿ ನಿಲ್ಲುತ್ತದೆ. ಹಿಡಿದಿದ್ದದ್ದು ಬ್ಯಾಟರಿ, ಅವಳ ಕೈಯಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಎರಡು ಕೈಯಿಂದ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು, ತನ್ನ ತೋಳಿನ ಬಲವೇ ತಂತಿಯಲ್ಲಿ ಹರಿದು ಹೋಗುತ್ತದೆ ಎನ್ನುವ ಹಾಗೆ. ಮುಳ್ಳು ಇಳಿಯಿತು. ಹಳದಿ ದೀಪ ಕೆಂಪಗಾಗಿ, ಮಂಕಾಗಿ, ಆರಿತು. ಎಂಜಿನ್ನು ಬಿತ್ತು. ವ್ಯಾಗನ್ ಹಳಿಯ ಮೇಲೆ ಕುಪ್ಪಳಿಸಿತು.

ಆ ಸದ್ದಿಗೆ ಎಲ್ಲರೂ ಓಡಿಬಂದರು. ಅಪ್ಪ ವ್ಯಾಗನ್ನಿನ ಆಚೆ ಹಿಮದಲ್ಲಿ ಕೂತಿದ್ದ. ಕೊನೆಯ ಗುಂಭ ಗೋಡೆಗೆ ತಾಗಿ ಹೊರಕ್ಕೆ ಚಿಮ್ಮಿ ಅವನ ಎಡಗಾಲಿನ ಮೇಲೆ ಬಿದ್ದು, ನಾಲ್ಕು ಬೆರಳು ಜಜ್ಜಿಹೋಗಿದ್ದವು. ಅಮ್ಮ ಮೇಲಿಂದ ಇಳಿಯಲಿಲ್ಲ. ಐವತ್ತು ವರ್ಷಕ್ಕೆ ಹತ್ತಿರವಾಗಿದ್ದ ಆನ್ತೊ ಆ ಹಿಮದ ಹಲಗೆಯ ಮೇಲೆ ತೆವಳಿಕೊಂಡು ಗೂಡಿಗೆ ಬಂದ. ಅವಳು ಹಾಗೇ ಲಿವರ್ ಒತ್ತಿಕೊಂಡು ನಿಂತಿದ್ದಳು, ಕಣ್ಣು ಮುಚ್ಚಿಕೊಂಡು.

"ಬಿಡು ಮಗಳೇ. ಹೊರಗೆ ಬಂದಿದಾನೆ."

"ನೀವು ನೋಡಿದ್ರಾ?"

"ನೋಡ್ದೆ."

"ಕಣ್ಣಾರೆ?"

"ಕಣ್ಣಾರೆ ನೋಡ್ದೆ ಕಣೇ. ಕಾಲು ಹಿಡ್ಕೊಂಡು ನಿನ್ನನ್ನೇ ಬಯ್ತಾ ಕೂತಿದಾನೆ. ಬಿಡು."

ಆದರೂ ಬಿಡಲು ಆಗಲಿಲ್ಲ. ಆನ್ತೊ ಒಂದೊಂದೇ ಬೆರಳು ಹಿಡಿದು ಬಿಡಿಸಿದ.

ವಿಚಾರಣೆಗೆ ಬಂದವರು ಕರೆಂಟು ಹೋದದ್ದರಿಂದ ಆಯಿತು ಎಂದು ಬರೆದುಕೊಂಡು ಹೊರಡುವವರಿದ್ದರು. ಎಲ್ಲರಿಗೂ ಅದೇ ಬೇಕಿತ್ತು. ಅಮ್ಮ ಎದ್ದುನಿಂತು, "ಸಾರು ಬಿಸಿ ಮಾಡೋಕೆ ಹೊರೆ ಹಿಡಿದು ನಿಂತಿದ್ದೆ," ಎಂದಳು. ಊಟದ ಹೊರೆ ಅಲ್ಲಿಗೆ ನಿಂತಿತು. ಕೆಲವರು ಅವಳನ್ನು ಮಾತಾಡಿಸುವುದು ಬಿಟ್ಟರು, ಚಳಿಗಾಲ ಪೂರ್ತಿ ತಣ್ಣನೆ ತಿನ್ನುವ ಹಾಗೆ ಮಾಡಿದಳೆಂದು. ಆನ್ತೊ ನಿವೃತ್ತನಾಗುವ ತನಕ ಮಂಜುಗಟ್ಟಿದ ಕಾಳು ತಿಂದ, ಆದರೂ ಅವಳನ್ನು ದೂರಲಿಲ್ಲ. ನಲವತ್ತು ದಿನ ಕಳೆದ ಮೇಲೆ ಅಮ್ಮ ಮತ್ತೆ ಏಣಿ ಹತ್ತಿದಳು. ಬೇರೆ ಯಾರನ್ನಾದರೂ ಕೂರಿಸಿದರೆ ಅವರು ತನ್ನಷ್ಟು ಹೆದರುವುದಿಲ್ಲವಲ್ಲ ಎಂಬುದೇ ಅವಳ ಭಯವಾಗಿತ್ತು. ಯುದ್ಧ ಬಂದು ಕಾರ್ಖಾನೆ ಮುಚ್ಚುವ ತನಕ ಇನ್ನೂ ಹದಿಮೂರು ವರ್ಷ ಹತ್ತಿ ಇಳಿದಳು.

ನಾನು ಮುಂದಿನ ವರ್ಷ ಹುಟ್ಟಿದೆ. ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯಬೇಕಾದರೆ ದೀಪದ ಗುಂಡಿ ಆಡಿಸುತ್ತಿದ್ದೆವು. ಒಂದು ಸಲ ಅಂದರೆ ಯಾರೋ ಬಂದಿದ್ದಾರೆ, ಎರಡು ಸಲ ಅಂದರೆ ಊಟ. ಏಳು ವರ್ಷದವಳಿದ್ದಾಗ ಒಂದು ದಿನ ಬೇಸರಕ್ಕೆ ನಾನು ಮೂರು ಸಲ ಆಡಿಸಿದೆ. ಪತ್ರಿಕೆ ಓದುತ್ತಿದ್ದ ಅಪ್ಪ ಕುರ್ಚಿ ಉರುಳಿಸಿ, ಬರಿಗಾಲಲ್ಲಿ, ಆ ಕುಂಟು ಕಾಲಿನಲ್ಲಿ ಹಿಮಕ್ಕೆ ಓಡಿದ. ನನಗೆ ನಗು ತಡೆಯಲಾಗಲಿಲ್ಲ. ತಿರುಗಿ ನೋಡಿದರೆ ಅಮ್ಮ ಅಡುಗೆಮನೆಯ ಮೇಜಿನ ಅಂಚನ್ನು ಎರಡು ಕೈಯಿಂದ ಒತ್ತಿ ಹಿಡಿದು ನಿಂತಿದ್ದಳು, ಮುಖ ಸುಣ್ಣದ ಹಾಗೆ. "ನಾನು ಬಿಟ್ಟಿಲ್ಲ," ಎನ್ನುತ್ತಿದ್ದಳು. "ನಾನಿನ್ನೂ ಬಿಟ್ಟಿಲ್ಲ."

ಅಪ್ಪ ಒಳಗೆ ಬಂದ. ನನ್ನನ್ನು ಬೈಯಲಿಲ್ಲ. ಅವಳ ಎದುರು ನಿಂತು, ಕಾಲಿನ ಹಿಮ ಕರಗಿ ನೆಲವೆಲ್ಲ ಒದ್ದೆಯಾಗುತ್ತಿರುವಾಗ, ಅವಳ ಬೆರಳುಗಳನ್ನು ಒಂದೊಂದಾಗಿ ಮೇಜಿನಿಂದ ಬಿಡಿಸಿದ.

"ಬಿಡು ಮಾರಾಯ್ತಿ. ಹೊರಗೆ ಬಂದೆ. ನೋಡು, ನಾನೇ."

ಆಮೇಲೆ ಗಮನಿಸಿದೆ, ಪ್ರತಿ ಮಧ್ಯಾಹ್ನ ಅವಳು ಮಲಗಿದಾಗ ಅಪ್ಪ ಸೋಫಾದ ಪಕ್ಕ ಕೂತು ಇದನ್ನೇ ಮಾಡುತ್ತಿದ್ದ. ಪ್ರತಿ ಮಧ್ಯಾಹ್ನ, ಮೂವತ್ತೆಂಟು ವರ್ಷ.

ಅಪ್ಪ ಹೋಗಿ ಎರಡು ಚಳಿಗಾಲವಾಯಿತು. ಎದೆಯ ಕಾಯಿಲೆ, ಹಾಸಿಗೆಯಲ್ಲೇ ಹೋದ. ಈಗ ಸೋಫಾದ ಪಕ್ಕ ನಾನು ಕೂರುತ್ತೇನೆ. ಅವಳ ಬಲಗೈ ಬಿಗಿಯುತ್ತದೆ. ನಾನು ಕಿರುಬೆರಳಿನಿಂದ ಶುರುಮಾಡುತ್ತೇನೆ, ಬರುವುದಿಲ್ಲ. ವಯಸ್ಸಾದರೂ ಎಂಥ ಬಲ!

"ಬಿಡಮ್ಮಾ. ಹೊರಗೆ ಬಂದ್ರು."

ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ: "ನೀನು ನೋಡಿದ್ಯಾ?"

"ನೋಡ್ದೆ."

"ಕಣ್ಣಾರೆ?"

ಆಗ ನಾನಿನ್ನೂ ಹುಟ್ಟೇ ಇರಲಿಲ್ಲ. "ಕಣ್ಣಾರೆ ನೋಡ್ದೆ," ಎನ್ನುತ್ತೇನೆ. ಕಿರುಬೆರಳು ಸಡಿಲವಾಗುತ್ತದೆ, ಆಮೇಲೆ ಅದರ ಪಕ್ಕದ್ದು.